ಶುಗರ್ ಇರೋರು ಲಿವರ್‌ಗೆ ಅಂತ ಗಿಡಮೂಲಿಕೆ ತಗೊಳ್ಳೋದಾದ್ರೆ

ಡಬ್ಬಿ ಮೇಲೆ ಹಸಿರು ಎಲೆ ಚಿತ್ರ ಇದ್ರೆ ಸಾಕು, ಏನೂ ಆಗಲ್ಲ ಬಿಡಿ ಅಂದ್ಕೊಂಡ್ಬಿಡ್ತೀವಿ. ಟೈಪ್ 2 ಶುಗರ್‌ನಲ್ಲಿ ಲಿವರ್‌ಗೆ ಕೊಬ್ಬು ತುಂಬ್ಕೊಳ್ಳೋದು ತುಂಬಾ ಕಾಮನ್, ನೋವೂ ಇರಲ್ಲ, ಅದಕ್ಕೇ ಮಾತ್ರೆಗಿಂತ ಮೊದ್ಲು ರಿಪೋರ್ಟ್ ತೆಗೀರಿ.

ರಕ್ತ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ (ಇವೆರಡೂ ಲಿವರ್ ಎಂಜೈಮ್‌ಗಳು), ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಈ ಮೂರು ನಂಬರ್ ಬೇಕು, ಇವನ್ನ ವಯಸ್ಸಿನ ಜೊತೆ ಸೇರಿಸಿ ಲಿವರ್ ಗಟ್ಟಿಯಾಗಿರಬಹುದಾ ಅಂತ ಅಂದಾಜು ಮಾಡೋಕೆ ಫಿಬ್-4 ಅಂತ ಒಂದು ಲೆಕ್ಕ ಇದೆ. 52 ವರ್ಷ, ಎಎಸ್‌ಟಿ 40, ಎಎಲ್‌ಟಿ 49, ಪ್ಲೇಟ್‌ಲೆಟ್ 2 ಲಕ್ಷ ಅಂದ್ಕೊಳ್ಳಿ. 52 ಇಂಟು 40 ಅಂದ್ರೆ 2080. 49ರ ವರ್ಗಮೂಲ 7, ಅದನ್ನ 200ರಿಂದ ಗುಣಿಸಿದ್ರೆ 1400 (ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿ ಹಾಕ್ಬೇಕು). ಭಾಗಿಸಿದ್ರೆ ಹತ್ತತ್ರ 1.5. 1.3 ದಾಟಿದ್ರೆ, 65 ಮೇಲ್ಪಟ್ಟೋರಿಗಾದ್ರೆ 2 ದಾಟಿದ್ರೆ, ಲಿವರ್ ಗಟ್ಟಿಯಾಗ್ತಿದ್ಯಾ ಅಂತ ಡಾಕ್ಟರ್ ಹತ್ರ ಸ್ಕ್ಯಾನ್ ಮಾಡಿಸ್ಕೊಳ್ಳಿ, ಕ್ಯಾಪ್ಸೂಲ್ ಆಮೇಲೆ.

ಈಗ ಗಿಡದ ವಿಷ್ಯ. ಮಿಲ್ಕ್ ಥಿಸಲ್ ಬೀಜದ ಸಿಲಿಮರಿನ್ ಅನ್ನೋ ಅಂಶ ಲಿವರ್ ಎಂಜೈಮ್‌ನ ಸ್ವಲ್ಪ ಇಳಿಸ್ಬಹುದು, ಗಟ್ಟಿಯಾಗಿರೋ ಲಿವರ್‌ನ ವಾಪಸ್ ಮೆತ್ತಗೆ ಮಾಡತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಕೆಲವು ಗಿಡಗಳಿಂದ ತೆಗೆಯೋ ಬರ್ಬೆರಿನ್ ಶುಗರ್ ನಿಜವಾಗ್ಲೂ ಇಳಿಸತ್ತೆ, ತೊಂದ್ರೆ ಅಲ್ಲೇ ಇರೋದು, ಇನ್ಸುಲಿನ್ನೋ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೇನೋ ತಗೋತಿದ್ರೆ ಜೊತೆಗೆ ಇದೂ ಸೇರಿ ಲೋ ಶುಗರ್ ಆಗ್ಬಹುದು.

ಅರಿಶಿನದ ಡಬ್ಬಿಯಾದ್ರೆ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ಕರ್ಕ್ಯುಮಿನ್ ಮೈಗೆ ಸರಿಯಾಗಿ ಹತ್ತಲ್ಲ ಅಂತ ಕಾಳುಮೆಣಸಿನ ಪೈಪರಿನ್ ಸೇರಿಸಿರ್ತಾರೆ, ಅಂಥ ಕ್ಯಾಪ್ಸೂಲ್ ತಗೊಂಡೋರಲ್ಲೇ ಕೆಲವ್ರಿಗೆ ಲಿವರ್ ಡ್ಯಾಮೇಜ್ ಆಗಿರೋ ಕೇಸ್‌ಗಳಿವೆ! ಅಡುಗೆಗೆ ಚಿಟಿಕೆ ಹಾಕೋದು ಬೇರೆ, ಇದು ಬೇರೆ. ಗ್ರೀನ್ ಟೀನೂ ಹಾಗೇ, ಕುಡಿಯೋದಕ್ಕೆ ಭಯ ಬೇಡ, ಆದ್ರೆ ಎಕ್ಸ್‌ಟ್ರಾಕ್ಟ್ ಮಾತ್ರೆಯಲ್ಲಿ ಇಜಿಸಿಜಿ (ಗ್ರೀನ್ ಟೀಯಲ್ಲಿರೋ ಒಂದು ಅಂಶ) ದಿನಕ್ಕೆ 800 ಮಿಲಿಗ್ರಾಂ ಆದ್ರೆ ಎಂಜೈಮ್ ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ನನ್ನ ಕೇಳಿದ್ರೆ ಸಕ್ಕರೆ ಹಾಕದ ಕಾಫಿನೇ ವಾಸಿ, ಕಾಫಿ ಕುಡಿಯೋರಲ್ಲಿ ಲಿವರ್ ಗಟ್ಟಿಯಾಗೋದು ಕಮ್ಮಿ ಅಂತ ಸುಮಾರು ಸ್ಟಡಿಗಳಲ್ಲಿ ಕಂಡಿದೆ.

ಆದ್ರೂ ಟ್ರೈ ಮಾಡ್ಲೇಬೇಕು ಅಂದ್ರೆ ಡಬ್ಬೀನ ಡಾಕ್ಟರ್‌ಗೆ ತೋರ್ಸಿ, ಒಂದ್ಸಲಕ್ಕೆ ಒಂದೇ ಶುರು ಮಾಡಿ, ತಾರೀಖು ಡಬ್ಬಿ ಮೇಲೇ ಬರ್ದಿಡಿ, ಒಂದೆರಡು ತಿಂಗಳಿಗೆ ಎಎಲ್‌ಟಿ ಮತ್ತೆ ಮಾಡಿಸಿ. ನಾಲ್ಕು ಥರ ಒಟ್ಟಿಗೆ ನುಂಗಿದ್ರೆ ಯಾವ್ದು ಕೆಟ್ಟದ್ದು ಮಾಡ್ತು ಅಂತ ಹೇಗೆ ಹಿಡೀತೀರಾ? ಮಧ್ಯದಲ್ಲಿ ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ, ಕಣ್ಣು ಹಳದಿಯಾದ್ರೆ, ಮೈಯೆಲ್ಲಾ ಕಡಿತ ಬಂದ್ರೆ ಅವತ್ತೇ ನಿಲ್ಸಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.