ನ್ಯಾಟ್ ಟೇಬಲ್ಲಿನ ಒಳಗೆ: ಒಂದು ಪಬ್ಲಿಕ್ ಐಪಿ, ಹಲವು ಸಾಧನಗಳು

ಮನೆಯ ಹಲವು ಸಾಧನಗಳು ಒಂದೇ ಪಬ್ಲಿಕ್ ಐಪಿ ವಿಳಾಸ ಹಂಚಿಕೊಳ್ಳುವಂತೆ ರೌಟರ್ ಪ್ಯಾಕೆಟ್ಟಿನ ವಿಳಾಸ ಬದಲಿಸುವುದಕ್ಕೆ ನ್ಯಾಟ್ ಎನ್ನುತ್ತಾರೆ. ಅದು ರೌಟರ್ ಒಳಗೆ ನಡೆಯುವುದನ್ನು ಕಣ್ಣಾರೆ ನೋಡಬೇಕೆಂದು ಹಳೆಯ ಕಂಪ್ಯೂಟರೊಂದಕ್ಕೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಲಿನಕ್ಸ್ ಇಳಿಸಿ, ಅದನ್ನೇ ರೌಟರ್ ಮಾಡಿಕೊಂಡೆ. ಕೆಲಸ ಎರಡೇ: ಒಂದು ಕಾರ್ಡಿಗೆ ಬಂದ ಪ್ಯಾಕೆಟ್ಟನ್ನು ಇನ್ನೊಂದಕ್ಕೆ ದಾಟಿಸುವ ಐಪಿ ಫಾರ್ವರ್ಡಿಂಗ್ ಆನ್ ಮಾಡುವುದು, ಹೊರಗಿನ ಕಾರ್ಡಿಗೆ ಪ್ಯಾಕೆಟ್ ನಿಯಮ ಬರೆಯುವ ಉಪಕರಣ ಐಪಿಟೇಬಲ್ಸ್‌ನಲ್ಲಿ ಒಂದು ಮಾಸ್ಕರೇಡ್ ರೂಲ್ (ಹೊರಹೋಗುವ ಪ್ಯಾಕೆಟ್ಟಿಗೆ ರೌಟರಿನ ವಿಳಾಸ ಹಚ್ಚುವ ನಿಯಮ) ಬರೆಯುವುದು. ಒಳಗಿನ ಸಾಧನಗಳಿಗೆಲ್ಲ 192.168ರಿಂದ ಶುರುವಾಗುವ ವಿಳಾಸ. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆ ಖಾಸಗಿ ಬಳಕೆಗೆಂದು ತೆಗೆದಿಟ್ಟ ಮೂರು ಗುಂಪುಗಳಲ್ಲಿ ಇದೂ ಒಂದು. ಹೊರಗಿನ ಇಂಟರ್ನೆಟ್‌ನಲ್ಲಿ ಇವಕ್ಕೆ ದಾರಿಯೇ ಇಲ್ಲ.

ಪ್ಯಾಕೆಟ್ ಹೊರಬೀಳುವಾಗ ಸೋರ್ಸ್ ವಿಳಾಸ, ಅಂದರೆ ಕಳಿಸಿದವರ ವಿಳಾಸ, ಬದಲಾಗುತ್ತದೆ, ಸರಿ. ವಾಪಸ್ ಬಂದ ಉತ್ತರ ಯಾರದೆಂದು ತಿಳಿಯುವುದು ಹೇಗೆ? ಬೇಕೆಂದೇ ಒಂದು ತಂಟೆ ಮಾಡಿದೆ. ಎರಡು ಲ್ಯಾಪ್‌ಟಾಪ್‌ಗಳಿಂದ ನೆಟ್‌ಕ್ಯಾಟ್ ಎಂಬ ಕನೆಕ್ಷನ್ ಉಪಕರಣ ಬಳಸಿ, ಎರಡರಲ್ಲೂ ಸೋರ್ಸ್ ಪೋರ್ಟ್ (ವಿಳಾಸದ ಜೊತೆ ಕನೆಕ್ಷನ್ ಗುರುತಿಸುವ ಸಂಖ್ಯೆ) 40000 ಎಂದೇ ಕೊಟ್ಟು, ಒಂದೇ ಸರ್ವರಿನ ಒಂದೇ ಪೋರ್ಟಿಗೆ ಕನೆಕ್ಟ್ ಮಾಡಿದೆ. ಹೊರಗಿನ ಕಾರ್ಡಿನ ಮೇಲೆ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡುತ್ತಿತ್ತು. ಮೊದಲನೆಯದು 40000 ಆಗಿಯೇ ಹೊರಟಿತು. ಎರಡನೆಯದಕ್ಕೆ ಕರ್ನಲ್ (ಲಿನಕ್ಸ್‌ನ ತಿರುಳು) ಬೇರೊಂದು ಪೋರ್ಟ್ ಹಚ್ಚಿ ಕಳಿಸಿತು. ಕನೆಕ್ಷನ್ನುಗಳ ಲೆಕ್ಕವಿಡುವ ಕಾನ್‌ಟ್ರ್ಯಾಕ್ ಟೇಬಲ್ ತೆಗೆದು ನೋಡಿದರೆ ಪ್ರತಿ ಸಾಲಿನಲ್ಲೂ ಎರಡು ಭಾಗ: ಹೋದ ಪ್ಯಾಕೆಟ್ಟಿನ ವಿಳಾಸ, ಪೋರ್ಟ್ ಒಂದು ಕಡೆ, ಬರಬೇಕಾದ ಉತ್ತರದ್ದು ಇನ್ನೊಂದು ಕಡೆ. ಉತ್ತರ ಬಂದಾಗ ಕರ್ನಲ್ ಈ ಸಾಲು ಹುಡುಕಿ ವಿಳಾಸವನ್ನು ಹಳೆಯದಕ್ಕೆ ತಿರುಗಿಸುತ್ತದೆ, ಅಷ್ಟೇ.

ಎರಡೂ ಬೇರೆ ಬೇರೆ ಸರ್ವರಿಗೆ ಹೋಗಿದ್ದರೆ ಪೋರ್ಟ್ ಬದಲಿಸುವ ಅಗತ್ಯವೂ ಇರಲಿಲ್ಲ. ಎದುರಿನವರ ವಿಳಾಸ, ಪೋರ್ಟ್ ಕೂಡ ಗುರುತಿನ ಭಾಗವೇ. ಹಾಗಾಗಿ ಪೋರ್ಟ್ ಇರುವುದು ಅರವತ್ತೈದು ಸಾವಿರ ಚಿಲ್ಲರೆ, ಒಟ್ಟು ಕನೆಕ್ಷನ್ನೂ ಅಷ್ಟೇ ಎಂಬ ಲೆಕ್ಕ ನಿಲ್ಲುವುದಿಲ್ಲ. ಪಿಂಗ್‌ಗೆ ಪೋರ್ಟೇ ಇಲ್ಲ. ಅಲ್ಲಿ ಪಿಂಗ್ ಬಳಸುವ ಪ್ರೋಟೊಕಾಲ್ ಐಸಿಎಂಪಿಯ ಐಡಿ ಆ ಕೆಲಸ ಮಾಡುತ್ತದೆ.

ಸಾಲುಗಳಿಗೆ ಆಯುಸ್ಸೂ ಇದೆ. ಲಿನಕ್ಸ್ ಡೀಫಾಲ್ಟ್‌ನಲ್ಲಿ ಕೂಡಿಕೊಂಡ ಟಿಸಿಪಿ ಕನೆಕ್ಷನ್ ಸುಮ್ಮನಿದ್ದರೂ 5 ದಿನ ಉಳಿಯುತ್ತದೆ; ಕನೆಕ್ಷನ್ ಕೂಡಿಸದೆಯೇ ಕಳಿಸುವ ಯುಡಿಪಿಗೆ, ಉತ್ತರ ಬಾರದಿದ್ದರೆ, 30 ಸೆಕೆಂಡ್. ಯುಡಿಪಿ ಬಳಸುವ ವಿಪಿಎನ್ ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ (ಸುಮ್ಮನಿದ್ದಾಗಲೂ ಆಗಾಗ ಕಳಿಸುವ ಪ್ಯಾಕೆಟ್) 25 ಸೆಕೆಂಡ್ ಹಾಕುವುದು ಈ ಸಾಲು ಅಳಿಯದಿರಲೆಂದೇ.

ಹೊರಗಿನಿಂದ ತಾನಾಗಿ ಬರುವ ಪ್ಯಾಕೆಟ್ಟಿಗೆ ಟೇಬಲ್ಲಿನಲ್ಲಿ ಸಾಲಿರುವುದಿಲ್ಲ. ಇದನ್ನೇ ಫೈರ್‌ವಾಲ್ ಎಂದು ನಂಬಿ ಕೂರುವವರಿದ್ದಾರೆ. ನಾನಂತೂ ಬೇಡದ ಪ್ಯಾಕೆಟ್ ಬಿಸಾಡುವ ಡ್ರಾಪ್ ರೂಲ್ ಬೇರೆಯೇ ಬರೆಯುತ್ತೇನೆ. ಒಳಗಿನ ವೆಬ್ ಸರ್ವರ್ ಹೊರಗೆ ಸಿಗಬೇಕಿದ್ದರೆ ಪೋರ್ಟ್ ಫಾರ್ವರ್ಡ್ ಮಾಡಬೇಕು, ಅಂದರೆ ಇಂಥ ಪೋರ್ಟಿಗೆ ಬಂದದ್ದನ್ನು ಒಳಗಿನ ಇಂಥ ಸಾಧನಕ್ಕೆ ಕಳಿಸು ಎಂದು ರೂಲ್ ಬರೆಯಬೇಕು. ಅದಕ್ಕೆ ಮೊದಲು ರೌಟರಿನ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರೊಳಗಿದ್ದರೆ ಸೇವಾದಾರರೂ ಮೇಲೊಂದು ನ್ಯಾಟ್ ಇಟ್ಟಿದ್ದಾರೆ ಎಂದರ್ಥ. ಆಗ ನಿಮ್ಮ ರೌಟರಿನಲ್ಲಿ ಎಷ್ಟು ರೂಲ್ ಬರೆದರೂ ಉಪಯೋಗವಿಲ್ಲ. ಪ್ರತ್ಯೇಕ ಪಬ್ಲಿಕ್ ವಿಳಾಸ ಕೇಳಬೇಕು, ಇಲ್ಲವೇ ಐಪಿಯ ಹೊಸ ಆವೃತ್ತಿ ಐಪಿವಿ6 ಹಿಡಿಯಬೇಕು.