ಕಾಕರಣೆ ಬೇಕಾದರೆ ಬಾಲ ಹುಡುಕಿ

ನಮ್ಮ ಕಾಫಿ ತೋಟ ಇರುವುದು ಸಕಲೇಶಪುರದಿಂದ ಬಿಸಿಲೆ ಕಡೆ ಹೋಗುವಾಗ, ಕಾಡಿನ ಅಂಚಿಗೆ. ಹಕ್ಕಿ ನೋಡುವ ಹುಚ್ಚಿನ ಗೆಳೆಯರು ಬಂದರೆ ಗಾಡಿ ಇಳಿಯುವ ಮೊದಲೇ ಕೇಳುತ್ತಾರೆ, "ಟ್ರೋಗನ್ ತೋರಿಸ್ತೀರಾ?" ಅವರು ಕೇಳುವುದು ನಮ್ಮ ಕಾಕರಣೆ ಹಕ್ಕಿಯನ್ನೇ, ಇಂಗ್ಲಿಷಿನಲ್ಲಿ ಮಲಬಾರ್ ಟ್ರೋಗನ್.

ಗಂಡಿನ ತಲೆ, ಎದೆ ಮಸಿಗಪ್ಪು. ಅದರ ಕೆಳಗೊಂದು ಬಿಳಿ ಪಟ್ಟಿ. ಅಲ್ಲಿಂದ ಹೊಟ್ಟೆಯೆಲ್ಲ ಕೆಂಪು. ಕೊಕ್ಕು, ಕಣ್ಣಿನ ಸುತ್ತ ನೀಲಿ. ಇಷ್ಟೊಂದು ಬಣ್ಣ ಬಳಿದುಕೊಂಡ ಹಕ್ಕಿ ತಾನಾಗೇ ಕಣ್ಣಿಗೆ ಬೀಳಬೇಕು ಅಲ್ವಾ? ಬೀಳುವುದಿಲ್ಲ. ಜನರ ಸುಳಿವು ಸಿಕ್ಕರೆ ಬೆನ್ನು ತಿರುಗಿಸಿ ಕೂತುಬಿಡುತ್ತದೆ. ಬೆನ್ನು ತರಗೆಲೆಯ ಕಂದು. ಕೂತರೆ ಅಲ್ಲಾಡುವುದೂ ಇಲ್ಲ.

ಹಾಗಾಗಿ ನಾನು ಕೆಂಪು ಹುಡುಕುವುದೇ ಇಲ್ಲ. ಬಾಲ ಹುಡುಕುತ್ತೇನೆ. ನೇರ ಕೆಳಕ್ಕೆ ಇಳಿಬಿದ್ದ ಉದ್ದ ಬಾಲ, ತುದಿ ಕತ್ತರಿಸಿದಷ್ಟು ಚೌಕ. ಮರದ ನೆತ್ತಿ ನೋಡಿ ಕುತ್ತಿಗೆ ನೋಯಿಸಿಕೊಳ್ಳಬೇಡಿ. ನಡು ಎತ್ತರದ ನೆರಳಿನಲ್ಲಿ, ಅಡ್ಡ ಕೊಂಬೆ ಅಥವಾ ಬಳ್ಳಿಯ ಮೇಲೆ ನೋಡಿ.

ಅದಕ್ಕಿಂತ ಮೊದಲು ಕಿವಿ ಕೆಲಸ ಮಾಡಬೇಕು. ಗಂಡು ಒಡಕು ದನಿಯಲ್ಲಿ "ಕ್ಯವ್, ಕ್ಯವ್" ಅಂತ ಸಾಲಾಗಿ ಕೂಗುತ್ತದೆ. ಕೂಗು ಇಲ್ಲದ ದಿನ ಭೀಮರಾಜ ಹಕ್ಕಿಯ ಸದ್ದು ಹಿಡಿದು ಹೋಗುತ್ತೇನೆ. ಭೀಮರಾಜನೂ ಸೇರಿ ಬಗೆಬಗೆಯ ಹಕ್ಕಿಗಳು ಗುಂಪು ಕಟ್ಟಿಕೊಂಡು ಹುಳ ಹಿಡಿಯುತ್ತಾ ಸಾಗುವಾಗ ಆ ಗುಂಪಿನಲ್ಲಿ ಕಾಕರಣೆಯೂ ಇರುವುದುಂಟು. ಉಳಿದವು ಗಲಾಟೆ ಎಬ್ಬಿಸುತ್ತವೆ, ಇದು ಸುಮ್ನೆ ಕೂತು ಕಾಯುತ್ತದೆ. ಹುಳ ಕಂಡ ತಕ್ಷಣ ಹಾರಿ, ಎಲೆಯ ಮೇಲಿನದನ್ನು ಗಾಳಿಯಲ್ಲೇ ಕಿತ್ತುಕೊಂಡು ಇನ್ನೊಂದು ಕೊಂಬೆಗೆ. ಆ ಒಂದು ಕ್ಷಣಕ್ಕೆ ಹೊಟ್ಟೆಯ ಕೆಂಪು ಕಾಣುತ್ತದೆ. ಫೋಟೋದವರಿಗೆ ಇಲ್ಲೇ ತಾಳ್ಮೆ ಸಾಲುವುದಿಲ್ಲ.

ಕಾಲು ಬಹಳ ಚಿಕ್ಕದು, ನಡೆಯುವುದಕ್ಕೆ ಆಗಿಬರುವುದಿಲ್ಲ. ಬೆರಳಿನ ಜೋಡಣೆಯೂ ವಿಚಿತ್ರ. ಗಿಳಿ, ಮರಕುಟಿಗಗಳಲ್ಲಿ ಒಂದನೇ ಮತ್ತು ನಾಲ್ಕನೇ ಬೆರಳು ಹಿಂದಕ್ಕಿರುತ್ತವೆ. ಟ್ರೋಗನ್‌ಗಳಲ್ಲಿ ಮಾತ್ರ ಒಂದನೇದು ಮತ್ತು ಎರಡನೇದು.

ಹೆಣ್ಣನ್ನು ಎಷ್ಟೋ ಜನ ಬೇರೆ ಹಕ್ಕಿ ಅಂದುಕೊಳ್ಳುತ್ತಾರೆ. ಕಪ್ಪಿಲ್ಲ, ಕೆಂಪಿಲ್ಲ. ತಲೆ ಕಂದು, ಹೊಟ್ಟೆ ಕಾವಿ ಹಳದಿ. ನನ್ನ ಕಣ್ಣಿಗೆ ಹೆಣ್ಣೇ ಜಾಸ್ತಿ ಚಂದ.

ಗೂಡಿನ ಕಾಲ ಹೆಚ್ಚಾಗಿ ಫೆಬ್ರವರಿಯಿಂದ ಮೇ. ಗಟ್ಟಿ ಮರ ಕೊರೆಯುವ ಕೊಕ್ಕು ಇದಕ್ಕಿಲ್ಲ. ಕೊಳೆತು ಮೆತ್ತಗಾದ ಮೋಟು ಮರವೇ ಬೇಕು. ಅದನ್ನು ಕೆದಕಿ ಗೂಡು ಮಾಡಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಹಾಸಿಗೆ ಗೀಸಿಗೆ ಏನಿಲ್ಲ, ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡು ಹಗಲಿನಲ್ಲಿ ಕೆಲವು ಗಂಟೆ ಕಾವಿಗೆ ಕೂರುತ್ತದೆ, ರಾತ್ರಿಪಾಳಿ ಪೂರಾ ಹೆಣ್ಣಿನದು. ಮರಿ ಗೂಡು ಬಿಟ್ಟ ಮೇಲೂ ತಿಂಗಳುಗಟ್ಟಲೆ ಅಪ್ಪ ಅಮ್ಮನ ಹಿಂದೆಯೇ ಅಲೆಯುತ್ತದೆ.

ಇಲ್ಲೇ ತೋಟದವರ ಪಾಲು ಬರುವುದು. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಒಣ ಮೋಟು ಕಂಡರೆ ಆಳುಗಳು "ಸೌದೆಗಾಗುತ್ತೆ ಅಣ್ಣ, ಕೆಡವೋದಾ?" ಅಂತಾರೆ. ಕಾಡಿನ ಬದಿಯ ಮೋಟುಗಳಿಗೆ ನಾನು ಸುಣ್ಣದ ಗುರುತು ಹಾಕಿಸಿದ್ದೇನೆ, ಅವನ್ನು ಮುಟ್ಟುವಂತಿಲ್ಲ. ಗೆಳೆಯರಿಗೂ ಒಂದು ಕಟ್ಟಳೆ ಇದೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವಂತಿಲ್ಲ, ಗೂಡಿನ ಕಾಲದಲ್ಲಂತೂ ಸುತರಾಂ ಇಲ್ಲ. ಒಪ್ಪದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.