ಸೀಸನ್ ಮುಗಿದ ಊರಿಗೆ ಬೇಸಿಗೆಯಲ್ಲಿ ಹೋಗುವುದು ಹೇಗೆ?

ಚಳಿಗಾಲದಲ್ಲಿ ರೂಮೇ ಸಿಗದ ಕೆಲವು ಊರುಗಳು ಬೇಸಿಗೆ ಬಂದರೆ ಖಾಲಿ ಹೊಡೆಯುತ್ತವೆ. ಅಮೆರಿಕದ ದಕ್ಷಿಣ ಫ್ಲೋರಿಡಾ, ಅರಿಜೋನಾ, ಅತ್ತ ದುಬೈ, ಎಲ್ಲ ಕಡೆಯೂ ಇದೇ ಕಥೆ. ಕೆನಡಾದ ಚಳಿ ತಡೆಯದೆ ಅರಿಜೋನಾಕ್ಕೆ ಬಂದವರು ಬಿಸಿಲೇರುವ ಮೊದಲೇ ಗಂಟುಮೂಟೆ ಕಟ್ಟಿರುತ್ತಾರೆ. ಬಾಡಿಗೆ ಇಳಿಯುತ್ತದೆ, ಕ್ಯೂ ಕರಗುತ್ತದೆ. ಹೋಗಬಹುದಾ? ಧಾರಾಳವಾಗಿ. ಆದರೆ ಸೀಸನ್‌ನಲ್ಲಿ ಸುತ್ತಿದ ಹಾಗೆ ಸುತ್ತಲು ಹೊರಟರೆ ಎರಡನೇ ದಿನಕ್ಕೇ ರೂಮಿನಲ್ಲಿ ಮಲಗಿರುತ್ತೀರಿ.

1. ಮೊದಲು ಏನೇನು ಮುಚ್ಚಿದೆ ಕೇಳಿ

ದುಬೈಯ ಗ್ಲೋಬಲ್ ವಿಲೇಜ್ ಮೇಳ, ಹೂವಿನ ಮಿರಾಕಲ್ ಗಾರ್ಡನ್ ಎರಡೂ ಬೇಸಿಗೆಯಲ್ಲಿ ಬಾಗಿಲು ಹಾಕುತ್ತವೆ. ಅವನ್ನೇ ನೋಡಲು ಹೊರಟವರು ಟಿಕೆಟ್ ತೆಗೆಯುವ ಮೊದಲು ಯೋಚಿಸಬೇಕು. ಹೋಟೆಲಿಗೂ ಒಂದು ಫೋನ್ ಮಾಡಿ. ಬಣ್ಣ ಬಳಿಯುವುದು, ಟೈಲ್ಸ್ ಒಡೆಯುವುದು, ಈಜುಕೊಳ ಖಾಲಿ ಮಾಡಿ ತೊಳೆಯುವುದು, ಎಲ್ಲಕ್ಕೂ ಅವರಿಗೆ ಬಿಡುವು ಸಿಗುವುದು ಈಗಲೇ. ‘ರಿಪೇರಿ ನಡೀತಿದೆಯಾ, ಎಸಿ ಸರಿಯಾಗಿದೆಯಾ’ ಎಂದು ನೇರವಾಗಿ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

2. ಎಂಥ ಬಿಸಿಲು ಅಂತ ತಿಳಿಯಿರಿ

ಅರಿಜೋನಾದ್ದು ಒಣ ಬಿಸಿಲು. ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಅಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಕೂಡಲೇ ಆರಿಹೋಗುತ್ತದೆ. ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ಫ್ಲೋರಿಡಾದ್ದು ಒದ್ದೆ ಸೆಕೆ. ಬೆವರು ಆರುವುದೇ ಇಲ್ಲ, ಹಾಗಾಗಿ ಮೈ ತಣಿಯುವುದೂ ಇಲ್ಲ. 33 ಡಿಗ್ರಿ ಅಷ್ಟೇ ಅಲ್ವಾ ಎಂದುಕೊಂಡು ಹೋದವರು ಒಂದು ಗಂಟೆಯಲ್ಲಿ ಸೋತು ಕೂರುತ್ತಾರೆ.

3. ದಿನವನ್ನೇ ಬದಲಿಸಿ

ಮುಖ್ಯವಾದ ಕೆಲಸ ಇದು. ಸೆಕೆ ಜಾಸ್ತಿ ಇರುವುದು ನಡು ಮಧ್ಯಾಹ್ನ 12ಕ್ಕೆ ಎಂದು ತುಂಬಾ ಜನ ತಿಳಿದಿದ್ದಾರೆ. ನೆಲ ಕಾದು, ಆ ಕಾವು ಗಾಳಿಗೆ ಏರಲು ಇನ್ನೂ ಹೊತ್ತು ಬೇಕು. ಗಾಳಿ ಹೆಚ್ಚು ಕಾಯುವುದು ಸಾಮಾನ್ಯವಾಗಿ 3ರಿಂದ 5ರ ಒಳಗೆ. ಹಾಗಾಗಿ ಊಟ ಮುಗಿಸಿ 3ಕ್ಕೆ ಹೊರಡೋಣ ಎನ್ನುವ ಲೆಕ್ಕ ತಪ್ಪು.

ಬೆಳಕು ಹರಿಯುವಾಗಲೇ ಎದ್ದು ಹೊರಡಿ. ನಡೆಯುವುದು, ಹತ್ತುವುದು ಏನಿದ್ದರೂ ಬೆಳಿಗ್ಗೆ 9ರೊಳಗೆ ಮುಗಿಯಲಿ. ಬಿಸಿಲಿನ ಎಚ್ಚರಿಕೆ ಇದ್ದ ದಿನ ಫೀನಿಕ್ಸ್‌ನ ಕ್ಯಾಮಲ್‌ಬ್ಯಾಕ್ ಬೆಟ್ಟದ ದಾರಿಯನ್ನು ಬೆಳಿಗ್ಗೆಯೇ ಮುಚ್ಚಿ ಸಂಜೆವರೆಗೂ ತೆರೆಯುವುದಿಲ್ಲ. ತಣ್ಣಗಿರುವ ಮ್ಯೂಸಿಯಂ ಇದ್ದರೆ ಆಮೇಲೆ ನೋಡಿ. ಊಟವಾದ ಮೇಲೆ ಸುಮ್ನೆ ಮಲಗಿ. ದುಡ್ಡು ಕೊಟ್ಟು ಬಂದು ಮಲಗುವುದಾ ಎನ್ನಬೇಡಿ, ಆ ನಿದ್ದೆಯ ಬಲದ ಮೇಲೆಯೇ ರಾತ್ರಿ ತಿರುಗಾಟ ಸಾಧ್ಯ. ಬಿಸಿಲು ಇಳಿದ ಮೇಲೆ ಮತ್ತೆ ಹೊರಡಿ. ಆಗ ಊರಿನವರೂ ಹೊರಗೆ ಬಂದಿರುತ್ತಾರೆ. ಗಿರಾಕಿಗಳು ಕಡಿಮೆ, ಅಂಗಡಿಯವರಿಗೂ ಮಾತಾಡಲು ಪುರುಸೊತ್ತು. ನನ್ನ ಲೆಕ್ಕದಲ್ಲಿ ಬಾಡಿಗೆ ಉಳಿದದ್ದಕ್ಕಿಂತ ಇದೇ ದೊಡ್ಡ ಲಾಭ.

4. ಕಾರು

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 10 ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಮಕ್ಕಳನ್ನು, ನಾಯಿಯನ್ನು ಒಂದು ನಿಮಿಷಕ್ಕೂ ಬಿಡಬೇಡಿ. ಸೀಟ್ ಬೆಲ್ಟಿನ ಲೋಹದ ತುದಿ ತೊಡೆಗೆ ತಾಗಿದರೆ ಚುರುಕ್ ಎನ್ನುತ್ತದೆ. ಇಳಿಯುವಾಗ ಅದರ ಮೇಲೊಂದು ಟವಲ್ ಎಸೆದು ಹೋಗಿ.

5. ವಾಪಸ್ ಬರುವ ದಾರಿ ಇರಲಿ

ಫ್ಲೋರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ರದ್ದು ಮಾಡಿದರೆ ಹಣ ವಾಪಸ್ ಬರುವ ರೂಮನ್ನೇ ಬುಕ್ ಮಾಡಿ. ವಿಮೆ ಬೇಕಿದ್ದರೆ ಬೇಗ ಮಾಡಿಸಿ. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಆ ಚಂಡಮಾರುತದ ನಷ್ಟಕ್ಕೆ ಒದಗುವುದಿಲ್ಲ.

6. ಈಗ ಮಾತ್ರ ಸಿಗುವುದನ್ನು ಹುಡುಕಿ

ಫ್ಲೋರಿಡಾದ ತೀರಕ್ಕೆ ಕಡಲಾಮೆಗಳು ಹೆಚ್ಚಾಗಿ ಮೊಟ್ಟೆಯಿಡಲು ಬರುವುದು ಬೇಸಿಗೆಯ ರಾತ್ರಿಗಳಲ್ಲಿ. ಅರಿಜೋನಾದ ಎತ್ತರದ ಸಾಗ್ವಾರೊ ಕಳ್ಳಿ ಹಣ್ಣು ಬಿಡುವುದು ಜೂನ್‌ನಲ್ಲಿ. ಚಳಿಗಾಲದಲ್ಲಿ ಬಂದವರಿಗೆ ಇವೆರಡೂ ಸಿಗುವುದಿಲ್ಲ. ಆಮೆ ನೋಡಲು ಹೋದರೆ ಮಾತ್ರ ಟಾರ್ಚ್, ಮೊಬೈಲ್ ಬೆಳಕು ಹಾಕಬೇಡಿ. ಬೆಳಕು ಕಂಡರೆ ಅದು ಮೊಟ್ಟೆಯಿಡದೆ ಕಡಲಿಗೆ ವಾಪಸ್ ಹೋಗಿಬಿಡಬಹುದು. ಅನುಮತಿ ಇರುವ ಗೈಡ್‌ಗಳು ಕರೆದೊಯ್ಯುವ ನಡಿಗೆಗೆ ಮೊದಲೇ ಹೆಸರು ಕೊಡಿ. ಊರು ಖಾಲಿ ಇದ್ದರೂ ಅದಕ್ಕೆ ಮಾತ್ರ ಜಾಗ ಬೇಗ ತುಂಬುತ್ತದೆ.